ಎಡನೀರಿನಿಂದ ಎಂಡೋಸಲ್ಫಾನ್‌ವರೆಗೆ: ಸರಕಾರದ ಅಧಿಕಾರವನ್ನು ಪ್ರಶ್ನಿಸಿದ ಕಾಸರಗೋಡಿನ ಮೊಕದ್ದಮೆಗಳು

ದೇಶದ ಯಾವ ಮೂಲೆಯ ಕಾನೂನು ಕಾಲೇಜಿಗೆ ಹೋದರೂ ವಿದ್ಯಾರ್ಥಿಗಳು ಒಂದು ಕನ್ನಡ ಪದವನ್ನು ಓದಿಯೇ ಮುಂದೆ ಸಾಗಬೇಕು. ಅದು 'ಶ್ರೀಪಾದಗಳವರು'. 'ಕೇಶವಾನಂದ ಭಾರತಿ ಶ್ರೀಪಾದಗಳವರು ಮತ್ತು ಕೇರಳ ಸರಕಾರ' ಎಂಬುದು ಆ ಮೊಕದ್ದಮೆಯ ಹೆಸರು. ಪಂಜಾಬಿನ ವಿದ್ಯಾರ್ಥಿಗಾಗಲಿ ಬಂಗಾಳದ ವಿದ್ಯಾರ್ಥಿಗಾಗಲಿ 'ಗಳವರು' ಎಂಬುದು ಕನ್ನಡಿಗರು ಗುರುಪೀಠಕ್ಕೆ ಕೊಡುವ ಗೌರವವಾಚಕ ಎಂದು ತಿಳಿದಿರಲಾರದು. ಆದರೆ ಆ ಹೆಸರಿನ ತೀರ್ಪು ಏನೆಂಬುದು ಅವರೆಲ್ಲರಿಗೂ ಗೊತ್ತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈ ಮೊಕದ್ದಮೆಯಲ್ಲಿ. ಅರ್ಜಿದಾರರು ನಮ್ಮ ಎಡನೀರು ಮಠದ ಸ್ವಾಮೀಜಿ.

ಕಾಸರಗೋಡಿನಿಂದ ದಿಲ್ಲಿಯವರೆಗೆ ಹೋದ ಮೊಕದ್ದಮೆ ಇದೊಂದೇ ಅಲ್ಲ. ಇದಕ್ಕಿಂತ ಮೊದಲೂ ಇಲ್ಲಿನ ಅಡಿಕೆ, ಕರಿಮೆಣಸಿನ ತೋಟಗಳ ವಿಚಾರ ಸಂವಿಧಾನ ತಿದ್ದುಪಡಿಗೆ ಕಾರಣವಾಗಿತ್ತು. ಇದರ ನಂತರವೂ ಗೇರು ತೋಟಗಳ ಮೇಲೆ ಸಿಂಪಡಿಸಿದ ವಿಷ ಮತ್ತು ತಲಪಾಡಿಯ ಮುಚ್ಚಿದ ರಸ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಸರಕಾರದ ಅಧಿಕಾರಕ್ಕೆ ಎಲ್ಲೆ ಎಲ್ಲಿ, ಆ ಅಧಿಕಾರದಿಂದ ಜನರಿಗೆ ಕಷ್ಟವಾದಾಗ ಉತ್ತರ ಹೇಳಬೇಕಾದವರು ಯಾರು ಎಂಬ ಎರಡು ಪ್ರಶ್ನೆಗಳು ಈ ಎಲ್ಲ ಮೊಕದ್ದಮೆಗಳಲ್ಲೂ ಇವೆ. ಇವುಗಳ ವಿವರಗಳನ್ನು ಒಂದೆಡೆ ಸೇರಿಸಿ ಕೊಡುವ ಪ್ರಯತ್ನ ಇಲ್ಲಿದೆ.

ಅಡಿಕೆ ತೋಟ ಎಬ್ಬಿಸಿದ ಪ್ರಶ್ನೆ

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಂದಿನಿಂದ ಅದು ಕೇರಳಕ್ಕೆ ಸೇರಿತು. ಜಿಲ್ಲೆಯಾದದ್ದು 1984ರ ಮೇ 24ರಂದು. ಆಡಳಿತ ಬದಲಾದರೂ ಭೂಮಿಯ ದಾಖಲೆ ಹಳೆಯ ಮದ್ರಾಸ್ ಪದ್ಧತಿಯದೇ ಆಗಿ ಉಳಿಯಿತು. ಇಲ್ಲಿನದು ರೈತವಾರಿ ಪದ್ಧತಿ. ವರ್ಗದಾರ, ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಹಿರಿಯರಿಗೆ ಈಗಲೂ ನೆನಪಿವೆ. ತಿರುವಾಂಕೂರು, ಕೊಚ್ಚಿ ಮತ್ತು ಮಲಬಾರಿನ ಜನ್ಮಿ ಪದ್ಧತಿಗೂ ಇದಕ್ಕೂ ಹೆಸರಿನಲ್ಲೂ ಕಾನೂನಿನಲ್ಲೂ ವ್ಯತ್ಯಾಸವಿತ್ತು.

1957ರಲ್ಲಿ ಅಧಿಕಾರಕ್ಕೆ ಬಂದ ಇ.ಎಂ.ಎಸ್. ನಂಬೂದಿರಿಪಾಡ್ ಸರಕಾರ ಕೃಷಿ ಸಂಬಂಧ ಮಸೂದೆಯನ್ನು ತಂದಿತು. ಗೇಣಿದಾರರಿಗೆ ಹಕ್ಕು ಕೊಡುವುದು, ಭೂಮಿಗೆ ಮಿತಿ ಹೇರುವುದು ಅದರ ಉದ್ದೇಶ. 1959ರಲ್ಲಿ ಆ ಸರಕಾರ ವಜಾಗೊಂಡಿತು. ಮಸೂದೆ ಮಾತ್ರ ಬದಲಾವಣೆಗಳೊಂದಿಗೆ 1961ರಲ್ಲಿ ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ಕಾನೂನಾಯಿತು. ಅದನ್ನು ಪ್ರಶ್ನಿಸಿ, ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದ ಪ್ರದೇಶದ ಭೂಮಾಲಕರು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕಾನೂನು ಪುಸ್ತಕಗಳಲ್ಲಿ ಇದು 'ಕರಿಂಬಿಲ್ ಕುಞಿಕೋಮನ್ ಮತ್ತು ಕೇರಳ ಸರಕಾರ' ಎಂಬ ಹೆಸರಿನಲ್ಲಿದೆ.

1961ರ ಡಿಸೆಂಬರ್ 5ರ ತೀರ್ಪಿನಲ್ಲಿ ಎರಡು ಅಂಶಗಳು ಮುಖ್ಯವಾಗಿದ್ದವು. ಮೊದಲನೆಯದಾಗಿ, 'ಎಸ್ಟೇಟ್'ಗಳನ್ನು ವಶಪಡಿಸಿಕೊಳ್ಳುವ ಕಾನೂನುಗಳಿಗೆ ಸಂವಿಧಾನದ 31ಎ ವಿಧಿಯ ರಕ್ಷಣೆಯಿದ್ದರೂ ಇಲ್ಲಿನ ರೈತವಾರಿ ಭೂಮಿ ಆ ಅರ್ಥದಲ್ಲಿ ಎಸ್ಟೇಟ್ ಅಲ್ಲ, ಆದ್ದರಿಂದ ರಕ್ಷಣೆ ಸಿಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಎರಡನೆಯದಾಗಿ, ಚಹಾ, ಕಾಫಿ, ರಬ್ಬರ್ ತೋಟಗಳನ್ನು ಮಿತಿಯಿಂದ ಹೊರಗಿಟ್ಟು ಅಡಿಕೆ ಮತ್ತು ಕರಿಮೆಣಸಿನ ತೋಟಗಳನ್ನು ಒಳಗೆ ಸೇರಿಸಿದ್ದು ತಾರತಮ್ಯ ಎಂದು ತೀರ್ಮಾನಿಸಿತು. ಹೀಗೆ ಮದ್ರಾಸಿನಿಂದ ಬಂದ ರೈತವಾರಿ ಪ್ರದೇಶಕ್ಕೆ ಅನ್ವಯವಾಗುವ ಮಟ್ಟಿಗೆ ಕಾನೂನು ಬಿದ್ದುಹೋಯಿತು.

ಸರಕಾರ ಸುಮ್ಮನೆ ಕೂರಲಿಲ್ಲ. 1964ರಲ್ಲಿ ಸಂಸತ್ತು 17ನೇ ತಿದ್ದುಪಡಿಯನ್ನು ಅಂಗೀಕರಿಸಿ 'ಎಸ್ಟೇಟ್' ಎಂಬ ಪದದ ಅರ್ಥದಲ್ಲಿ ರೈತವಾರಿ ಭೂಮಿಯನ್ನೂ ಸೇರಿಸಿತು. 1963ರ ಕೇರಳ ಭೂಸುಧಾರಣೆ ಕಾಯಿದೆಯೂ ಸೇರಿದಂತೆ 44 ಕಾನೂನುಗಳನ್ನು 9ನೇ ಪರಿಚ್ಛೇದದಲ್ಲಿ ಇರಿಸಿತು. ಮೂಲಭೂತ ಹಕ್ಕಿಗೆ ವಿರುದ್ಧ ಎಂಬ ಕಾರಣಕ್ಕೆ ಯಾವ ನ್ಯಾಯಾಲಯವೂ ರದ್ದುಮಾಡಬಾರದು ಎಂದು ಕಾನೂನುಗಳನ್ನು ಇಡುವ ಪೆಟ್ಟಿಗೆಯೇ ಈ 9ನೇ ಪರಿಚ್ಛೇದ. 1951ರಲ್ಲಿ ಮೊದಲ ತಿದ್ದುಪಡಿಯ ಮೂಲಕ ಅದನ್ನು ಸೃಷ್ಟಿಸಲಾಗಿತ್ತು.

ಈ 17ನೇ ತಿದ್ದುಪಡಿಯೇ ಮುಂದಿನ ಜಗಳಕ್ಕೆ ಬೀಜ. 1965ರ ಸಜ್ಜನ್ ಸಿಂಗ್ ಮೊಕದ್ದಮೆಯಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿದರೂ ನ್ಯಾಯಮೂರ್ತಿಗಳಾದ ಹಿದಾಯತುಲ್ಲಾ ಮತ್ತು ಮುಧೋಳ್ಕರ್ ಸಂಶಯ ವ್ಯಕ್ತಪಡಿಸಿದರು. 1967ರ ಫೆಬ್ರವರಿ 27ರಂದು ಪಂಜಾಬಿನ ಗೋಲಕನಾಥ್ ಮೊಕದ್ದಮೆಯಲ್ಲಿ 11 ಮಂದಿಯ ಪೀಠ 6-5ರ ಬಹುಮತದಿಂದ ಸಂಸತ್ತಿಗೆ ಮೂಲಭೂತ ಹಕ್ಕುಗಳನ್ನು ಕಸಿಯುವ ಅಧಿಕಾರವೇ ಇಲ್ಲ ಎಂದಿತು. ಅಂದರೆ ಹೊಸದುರ್ಗ, ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಯಿಂದ ಎದ್ದ ಪ್ರಶ್ನೆ ಆರು ವರ್ಷಗಳೊಳಗೆ ಸಂಸತ್ತು ದೊಡ್ಡದೋ ಸಂವಿಧಾನ ದೊಡ್ಡದೋ ಎಂಬಲ್ಲಿಗೆ ಬಂದು ನಿಂತಿತ್ತು.

ನಂಬಿಯಾರ್ ಮತ್ತು ಎ.ಕೆ.ಜಿ.

ಗೋಲಕನಾಥ್ ಮೊಕದ್ದಮೆಯಲ್ಲಿ ತಿದ್ದುಪಡಿ ಅಧಿಕಾರಕ್ಕೆ ಒಳಗಿನಿಂದಲೇ ಮಿತಿಯಿದೆ ಎಂಬ ವಾದವನ್ನು ಮುಂದಿಟ್ಟವರು ಮಂಗಳೂರಿನಲ್ಲಿ ವಕೀಲಿ ನಡೆಸಿ ಬಳಿಕ ಮದ್ರಾಸಿಗೆ ಹೋದ ಎಂ.ಕೆ. ನಂಬಿಯಾರ್. ಜರ್ಮನ್ ವಿದ್ವಾಂಸ ಡೀಟ್ರಿಚ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ನೀಡಿದ್ದ ಉಪನ್ಯಾಸದ ವಿಚಾರಗಳನ್ನು ಅವರು ಬಳಸಿಕೊಂಡರು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯ ಸಂವಿಧಾನವನ್ನು ಕಾನೂನಿನ ಹಾದಿಯಲ್ಲೇ ಬರಿದು ಮಾಡಿದ ಅನುಭವ ಆ ವಿಚಾರದ ಹಿಂದಿತ್ತು. ನಂಬಿಯಾರರ ಮಗ ಕೆ.ಕೆ. ವೇಣುಗೋಪಾಲ್ 1931ರಲ್ಲಿ ಕಾಞಂಗಾಡಿನಲ್ಲಿ ಜನಿಸಿ, 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದರು.

ಇದೇ ನಂಬಿಯಾರ್ 1950ರಲ್ಲಿ ಮತ್ತೊಂದು ಪ್ರಸಿದ್ಧ ಮೊಕದ್ದಮೆ ನಡೆಸಿದ್ದರು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪರವಾಗಿ ಅವರು ವಾದಿಸಿದರು. 1950ರ ಮೇ 19ರ ತೀರ್ಪು ಹೆಚ್ಚುಕಡಿಮೆ ಸರಕಾರದ ಪರವಾಗಿಯೇ ಬಂತು. ಶಾಸಕಾಂಗ ಮಾಡಿದ ಕಾನೂನಿನಂತೆ ಬಂಧಿಸಿದ್ದರೆ ಸಾಕು, ಆ ಕಾನೂನು ನ್ಯಾಯಯುತವೇ ಎಂದು ನೋಡಬೇಕಾಗಿಲ್ಲ ಎಂಬ ನಿಲುವು ಅಂದು ಗೆದ್ದಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯ ಹೊತ್ತಿಗೆ ಆ ನಿಲುವನ್ನು ನ್ಯಾಯಾಲಯವೇ ಕೈಬಿಟ್ಟಿತ್ತು. ಎ.ಕೆ.ಜಿ. 1957, 1962 ಮತ್ತು 1967ರಲ್ಲಿ ಕಾಸರಗೋಡು ಕ್ಷೇತ್ರದಿಂದಲೇ ಲೋಕಸಭೆಗೆ ಆಯ್ಕೆಯಾದವರು. ಭೂಸುಧಾರಣೆಯ ಪರವಾಗಿ ಬೀದಿಗಿಳಿದ ನಾಯಕನಿಗೂ ಭೂಸುಧಾರಣೆಯ ತಿದ್ದುಪಡಿಯನ್ನು ಎದುರಿಸಿದವರಿಗೂ ಒಬ್ಬರೇ ವಕೀಲರು. ರಾಜಕೀಯ ಬೇರೆಯಾದರೂ ಸರಕಾರದ ಅಧಿಕಾರಕ್ಕೆ ಎಲ್ಲೆ ಬೇಕು ಎಂಬ ಅಗತ್ಯ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ.

ಎಡನೀರು ಮಠದ ಅರ್ಜಿ

ಕಾಸರಗೋಡು ಪೇಟೆಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಎಡನೀರು ಮಠವಿದೆ. ಶಂಕರಾಚಾರ್ಯರ ಶಿಷ್ಯ ತೋಟಕಾಚಾರ್ಯರ ಪರಂಪರೆಗೆ ಸೇರಿದ ಅದ್ವೈತ ಮಠವಿದು. 1960ರಲ್ಲಿ ಇನ್ನೂ 20 ವರ್ಷ ತುಂಬದ ಕೇಶವಾನಂದ ಭಾರತಿ ಪೀಠವೇರಿದರು. ಸಂಗೀತ, ಯಕ್ಷಗಾನಗಳಲ್ಲಿ ಅವರಿಗಿದ್ದ ಒಲವು ಜಿಲ್ಲೆಯ ಕಲಾಭಿಮಾನಿಗಳಿಗೆ ಹೊಸತಾಗಿ ಹೇಳಬೇಕಾದ ವಿಷಯವಲ್ಲ.

ಕೇರಳ ಭೂಸುಧಾರಣೆ ಕಾಯಿದೆಗೆ 1969ರಲ್ಲಿ ಭಾರೀ ತಿದ್ದುಪಡಿ ಬಂದು 1970ರ ಜನವರಿ 1ರಂದು ಜಾರಿಗೆ ಬಂತು. ಗೇಣಿದಾರನ ಕೈಯಲ್ಲಿದ್ದ ಭೂಮಿಯ ಒಡೆತನ ಸರಕಾರಕ್ಕೆ ಸೇರಿ, ಅಲ್ಲಿಂದ ಗೇಣಿದಾರನಿಗೆ ಹೋಗುವ ವ್ಯವಸ್ಥೆಯಾಯಿತು. ಇತರ ಭೂಮಾಲಕರಂತೆ ಮಠವೂ ಭೂಮಿ ಕಳೆದುಕೊಳ್ಳುವ ಸ್ಥಿತಿಗೆ ಬಂತು. 1970ರ ಮಾರ್ಚ್ 21ರಂದು ಸ್ವಾಮೀಜಿ ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದರು. ಅದಕ್ಕೆ ಸಿಕ್ಕಿದ ಸಂಖ್ಯೆ 1970ರ 135. ಧಾರ್ಮಿಕ ಸಂಸ್ಥೆಯನ್ನು ನಡೆಸುವ ಹಕ್ಕು, ಸಮಾನತೆಯ ಹಕ್ಕು ಮತ್ತು ಅಂದು ಮೂಲಭೂತವಾಗಿದ್ದ ಆಸ್ತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂಬುದು ಅರ್ಜಿಯ ಸಾರ.

ಅರ್ಜಿ ಬಾಕಿಯಿರುವಾಗಲೇ ದಿಲ್ಲಿಯ ರಾಜಕೀಯ ಬಿರುಸಾಯಿತು. ಬ್ಯಾಂಕ್ ರಾಷ್ಟ್ರೀಕರಣ ಮತ್ತು ರಾಜಧನ ರದ್ದತಿಯ ವಿಚಾರದಲ್ಲಿ 1970ರಲ್ಲಿ ಇಂದಿರಾ ಗಾಂಧಿ ಸರಕಾರ ನ್ಯಾಯಾಲಯದಲ್ಲಿ ಸೋತಿತ್ತು. 1971ರ ಚುನಾವಣೆಯಲ್ಲಿ ಭಾರೀ ಬಹುಮತ ಸಿಕ್ಕಿದ ನಂತರ ಸಂಸತ್ತು ಒಂದರ ಹಿಂದೊಂದು ತಿದ್ದುಪಡಿ ತಂದಿತು. 24ನೇ ತಿದ್ದುಪಡಿ ಗೋಲಕನಾಥ್ ತೀರ್ಪನ್ನು ಬದಿಗೆ ಸರಿಸಿ, ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು ಎಂದಿತು. 25ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಕುಗ್ಗಿಸಿತು. 1972ರ 29ನೇ ತಿದ್ದುಪಡಿ ಕೇರಳದ 1969 ಮತ್ತು 1971ರ ಭೂಸುಧಾರಣೆ ತಿದ್ದುಪಡಿ ಕಾಯಿದೆಗಳನ್ನು 9ನೇ ಪರಿಚ್ಛೇದಕ್ಕೆ ಸೇರಿಸಿತು. ಎಡನೀರಿನ ಅರ್ಜಿ ಉಳಿಯಬೇಕಾದರೆ ಈ ತಿದ್ದುಪಡಿಗಳನ್ನೇ ಪ್ರಶ್ನಿಸಬೇಕಾಗಿ ಬಂತು. ಮಠದ ಜಾಗದ ತಕರಾರು ಹೀಗೆ ದೇಶದ ತಕರಾರಾಯಿತು.

68 ದಿನಗಳ ವಿಚಾರಣೆ

13 ಮಂದಿ ನ್ಯಾಯಮೂರ್ತಿಗಳ ಪೀಠ 1972ರ ಅಕ್ಟೋಬರ್ 31ರಂದು ವಿಚಾರಣೆ ಆರಂಭಿಸಿ 1973ರ ಮಾರ್ಚ್ 23ರಂದು ಮುಗಿಸಿತು. ಒಟ್ಟು 68 ದಿನ ವಾದ ನಡೆಯಿತು. ಸುಪ್ರೀಂ ಕೋರ್ಟಿನಲ್ಲಿ ಅಷ್ಟು ದೊಡ್ಡ ಪೀಠ ಅದಕ್ಕೆ ಮೊದಲು ಕೂತಿರಲಿಲ್ಲ. ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ, ಕೇರಳ ಸರಕಾರದ ಪರ ಎಚ್.ಎಂ. ಸೀರ್ವಾಯಿ, ಕೇಂದ್ರದ ಪರ ಅಟಾರ್ನಿ ಜನರಲ್ ನಿರೇನ್ ಡೇ ವಾದಿಸಿದರು. ಸ್ವಾಮೀಜಿ ಮತ್ತು ಪಾಲ್ಖಿವಾಲಾ ಪರಸ್ಪರ ಭೇಟಿಯೇ ಆಗಿರಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂದಿದೆ.

1973ರ ಏಪ್ರಿಲ್ 24ರಂದು ಬಂದ ತೀರ್ಪು ಒಂದಲ್ಲ, ಹನ್ನೊಂದು. ನ್ಯಾಯಮೂರ್ತಿಗಳು ಬೇರೆ ಬೇರೆಯಾಗಿ ಬರೆದ ಆ ಅಭಿಪ್ರಾಯಗಳಿಂದ 7-6ರ ಬಹುಮತ ಹೊರಬಂತು. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ, ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್, ಜಗನ್ಮೋಹನ ರೆಡ್ಡಿ, ಎಚ್.ಆರ್. ಖನ್ನಾ ಮತ್ತು ಮುಖರ್ಜಿಯಾ ಬಹುಮತದಲ್ಲಿದ್ದರು. ರೇ, ಪಾಳೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ ಮತ್ತು ವೈ.ವಿ. ಚಂದ್ರಚೂಡ್ ಭಿನ್ನಮತದಲ್ಲಿದ್ದರು.

ತೀರ್ಪಿನ ಫಲ ಇಷ್ಟು. ಗೋಲಕನಾಥ್ ತೀರ್ಪು ರದ್ದಾಯಿತು. ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದು ಎಂದಾಯಿತು. 24 ಮತ್ತು 29ನೇ ತಿದ್ದುಪಡಿಗಳು ಉಳಿದುಕೊಂಡವು. ಆದರೆ ತಿದ್ದುವ ಅಧಿಕಾರದಿಂದ ಸಂವಿಧಾನದ ಮೂಲ ಸಂರಚನೆಯನ್ನು ನಾಶಮಾಡುವಂತಿಲ್ಲ ಎಂಬ ಗೆರೆಯನ್ನು ನ್ಯಾಯಾಲಯ ಎಳೆಯಿತು. 25ನೇ ತಿದ್ದುಪಡಿಯಲ್ಲಿ ನ್ಯಾಯಾಲಯದ ಪರಿಶೀಲನೆಯನ್ನು ತಡೆಯುವ ಭಾಗ ಬಿದ್ದುಹೋಯಿತು. ಯಾವುದು ಮೂಲ ಸಂರಚನೆ ಎಂಬುದಕ್ಕೆ ನ್ಯಾಯಾಲಯ ಮುಚ್ಚಿದ ಪಟ್ಟಿಯನ್ನು ಕೊಡಲಿಲ್ಲ. ಸಂವಿಧಾನದ ಪರಮಾಧಿಕಾರ, ಪ್ರಜಾಪ್ರಭುತ್ವ, ಜಾತ್ಯತೀತತೆ, ಒಕ್ಕೂಟ ವ್ಯವಸ್ಥೆ, ಅಧಿಕಾರಗಳ ವಿಭಜನೆ ಮುಂತಾದುವನ್ನು ಬೇರೆ ಬೇರೆ ನ್ಯಾಯಮೂರ್ತಿಗಳು ಉದಾಹರಣೆಯಾಗಿ ಹೇಳಿದರು.

ಮಠಕ್ಕೆ ಏನು ಸಿಕ್ಕಿತು? 29ನೇ ತಿದ್ದುಪಡಿ ಉಳಿದುದರಿಂದ ಕೇರಳದ ಭೂಸುಧಾರಣೆಯೂ ಉಳಿಯಿತು. ಸ್ವಾಮೀಜಿ ಕೇಳಿಕೊಂಡು ಹೋದ ಭೂಮಿ ಮರಳಲಿಲ್ಲ. ಅವರು ಆಧರಿಸಿದ್ದ ಆಸ್ತಿಯ ಹಕ್ಕು ಕೂಡ 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಭೂಸುಧಾರಣೆಯಿಂದ ಕಾಸರಗೋಡಿನ ಗೇಣಿದಾರ ಕುಟುಂಬಗಳು ತಾವು ಬೆವರು ಸುರಿಸಿದ ಮಣ್ಣಿಗೆ ಒಡೆಯರಾದವು. ಇಂದು ಆ ಕುಟುಂಬಗಳ ಮಕ್ಕಳೂ ವಾಕ್‌ಸ್ವಾತಂತ್ರ್ಯಕ್ಕೆ, ಚುನಾವಣೆಗೆ, ನ್ಯಾಯಾಲಯಕ್ಕೆ ರಕ್ಷಣೆಯಾಗಿ ಹಿಡಿಯುವುದು ಎಡನೀರಿನ ಹೆಸರಿನ ತೀರ್ಪನ್ನೇ. ಜಮೀನು ಗೇಣಿದಾರನಿಗೆ, ತತ್ತ್ವ ದೇಶಕ್ಕೆ ಎಂಬಂತೆ ಪಾಲಾಯಿತು.

ತೀರ್ಪಿನ ಮರುದಿನ

ಬಹುಮತದಲ್ಲಿದ್ದ ನ್ಯಾ. ಕೆ.ಎಸ್. ಹೆಗ್ಡೆ ನಮ್ಮ ತುಳುನಾಡಿನವರು. ಕಾರ್ಕಳ ತಾಲೂಕಿನ ಕೌಡೂರು ಅವರ ಹುಟ್ಟೂರು. ನಿಟ್ಟೆಯ ವಿದ್ಯಾಸಂಸ್ಥೆಗಳ ಸ್ಥಾಪಕರೂ ಅವರೇ. ತೀರ್ಪು ಬಂದ ಬೆನ್ನಿಗೇ ಸಿಕ್ರಿ ನಿವೃತ್ತರಾದರು. ಹಿರಿತನದಂತೆ ಮುಂದಿನ ಸಾಲಿನಲ್ಲಿದ್ದವರು ಶೆಲತ್, ಹೆಗ್ಡೆ ಮತ್ತು ಗ್ರೋವರ್. ಮೂವರೂ ಸರಕಾರದ ವಿರುದ್ಧ ತೀರ್ಪಿತ್ತವರು. ಸರಕಾರ ಮೂವರನ್ನೂ ದಾಟಿ ಭಿನ್ನಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಅವರ ಮಗ ನ್ಯಾ. ಸಂತೋಷ ಹೆಗ್ಡೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ, ಬಳಿಕ 2006ರಿಂದ 2011ರವರೆಗೆ ಕರ್ನಾಟಕದ ಲೋಕಾಯುಕ್ತರಾಗಿ ಹೆಸರಾದರು.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯ ಪ್ರಶ್ನಿಸದಂತೆ 39ನೇ ತಿದ್ದುಪಡಿ ಬಂತು. ಅದೇ ವರ್ಷ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಎಡನೀರಿನ ತೀರ್ಪನ್ನು ಆಧರಿಸಿ ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದುಪಡಿಸಿತು. ಕೆಲವೇ ದಿನಗಳಲ್ಲಿ ಮುಖ್ಯ ನ್ಯಾಯಮೂರ್ತಿ ರೇ, ಕೇಶವಾನಂದ ತೀರ್ಪನ್ನು ಪುನಃ ಪರಿಶೀಲಿಸಲು 13 ಮಂದಿಯ ಪೀಠ ರಚಿಸಿದರು. ಪಾಲ್ಖಿವಾಲಾ ತೀವ್ರವಾಗಿ ಆಕ್ಷೇಪಿಸಿದರು. ಎರಡು ದಿನ ವಾದ ನಡೆದ ಬಳಿಕ ಪೀಠವನ್ನೇ ವಿಸರ್ಜಿಸಲಾಯಿತು.

ಅಲ್ಲಿಂದ ಈ ತತ್ತ್ವ ಬೆಳೆಯುತ್ತಲೇ ಹೋಯಿತು. ಅದರಲ್ಲಿ ಎರಡು ಮುಖ್ಯ ಮೊಕದ್ದಮೆಗಳು ಕರ್ನಾಟಕದವು. ಬೆಂಗಳೂರಿನ ಮಿನರ್ವಾ ಮಿಲ್ ರಾಷ್ಟ್ರೀಕರಣದಿಂದ ಹುಟ್ಟಿದ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು ಸಾರಿದ್ದ 42ನೇ ತಿದ್ದುಪಡಿಯ ಭಾಗವನ್ನು ರದ್ದುಮಾಡಿತು. 1989ರ ಏಪ್ರಿಲ್ 21ರಂದು ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರಕಾರದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ಮಂದಿಯ ಪೀಠ, ಸರಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದಿತು. ಜಾತ್ಯತೀತತೆ ಮೂಲ ಸಂರಚನೆಯ ಭಾಗ ಎಂದೂ ಹೇಳಿತು. 2007ರ ಐ.ಆರ್. ಕೊಯೆಲ್ಹೊ ತೀರ್ಪಿನಂತೆ, 1973ರ ಏಪ್ರಿಲ್ 24ರ ನಂತರ 9ನೇ ಪರಿಚ್ಛೇದಕ್ಕೆ ಸೇರಿದ ಕಾನೂನುಗಳೂ ಪರಿಶೀಲನೆಗೆ ಒಳಪಡುತ್ತವೆ. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟ್ ಕೂಡ ಇದೇ ತತ್ತ್ವವನ್ನು ಒಪ್ಪಿಕೊಂಡಿತು.

ಚರ್ಚೆ ಮಾತ್ರ ಮುಗಿದಿಲ್ಲ. ಜನರು ಆರಿಸಿ ಕಳುಹಿಸಿದ ಸಂಸತ್ತಿನ ತೀರ್ಮಾನವನ್ನು ಜನರಿಂದ ಆರಿಸಿ ಬಾರದ ನ್ಯಾಯಮೂರ್ತಿಗಳು, ಸಂವಿಧಾನದಲ್ಲಿ ಬರೆದಿಲ್ಲದ ಒಂದು ತತ್ತ್ವದ ಹೆಸರಿನಲ್ಲಿ ರದ್ದುಮಾಡಬಹುದೇ ಎಂಬ ಆಕ್ಷೇಪ ಹಳೆಯದು. ನ್ಯಾಯಮೂರ್ತಿಗಳ ನೇಮಕ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದಾಗ ಇದು ಮತ್ತೆ ಬಿಸಿಯೇರಿತು. 2023ರ ಜನವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ಜಗದೀಪ್ ಧನ್‌ಕರ್ ಜೈಪುರದಲ್ಲಿ ಕೇಶವಾನಂದ ತೀರ್ಪನ್ನು ಬಹಿರಂಗವಾಗಿ ಪ್ರಶ್ನಿಸಿದರು. ಅದೇ ತಿಂಗಳು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮುಂಬೈಯಲ್ಲಿ ಮಾತನಾಡುತ್ತಾ ಈ ತತ್ತ್ವವನ್ನು ದಾರಿ ತೋರುವ ಧ್ರುವತಾರೆಗೆ ಹೋಲಿಸಿದರು. 1973ರಲ್ಲಿ ಭಿನ್ನಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ ಇವರು. ತಂದೆಯೂ ಮಿನರ್ವಾ ಮಿಲ್ ತೀರ್ಪಿನ ಹೊತ್ತಿಗೆ ಈ ತತ್ತ್ವದ ಪರ ನಿಂತಿದ್ದರು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಬಹುಮತವಿರುವ ಸರಕಾರ ಚುನಾವಣೆಯನ್ನೇ ಮುಂದೂಡುತ್ತಾ ಹೋದರೆ ತಡೆಯುವವರು ಯಾರು ಎಂಬ ಪ್ರಶ್ನೆಗೆ, ತುರ್ತು ಪರಿಸ್ಥಿತಿಯನ್ನು ಕಂಡ ಪೀಳಿಗೆಗೆ ಉತ್ತರ ಹುಡುಕಬೇಕಾಗಿಲ್ಲ.

ಕೇಶವಾನಂದ ಭಾರತಿ ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ಎಡನೀರಿನಲ್ಲಿ ಬ್ರಹ್ಮೈಕ್ಯರಾದರು. ಸಚ್ಚಿದಾನಂದ ಭಾರತಿ ಸ್ವಾಮೀಜಿ ಪೀಠವನ್ನು ಮುಂದುವರಿಸಿದರು.

ಗೇರು ತೋಟದ ವಿಷ, ಐದು ವರ್ಷ ಕಾದ ಆದೇಶ

ಎಡನೀರು ಮೊಕದ್ದಮೆ ಅಧಿಕಾರದ ಎಲ್ಲೆಯ ಪ್ರಶ್ನೆಯಾದರೆ, ಎಂಡೋಸಲ್ಫಾನ್ ಉತ್ತರದಾಯಿತ್ವದ ಪ್ರಶ್ನೆ. ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ಜಿಲ್ಲೆಯ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ ಮೊದಲಾದ ಪಂಚಾಯತುಗಳಲ್ಲಿ ಮನೆ, ಬಾವಿ, ಶಾಲೆ, ತೋಡುಗಳು ಈ ಗುಡ್ಡಗಳ ಬುಡದಲ್ಲೇ ಇವೆ. ಕೃಷಿ ಪತ್ರಕರ್ತ ಶ್ರೀಪಡ್ರೆ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಬಹಳ ಮೊದಲೇ ಬರೆದರು. ಪಡ್ರೆ ಗ್ರಾಮದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಹೊರಜಗತ್ತಿಗೆ ತಿಳಿಸಿದರು.

ಮೊದಲ ನ್ಯಾಯಾಲಯದ ಆದೇಶ ಬಂದದ್ದು ದಿಲ್ಲಿಯಿಂದಲ್ಲ, ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೂಡಿದ ದಾವೆಯಲ್ಲಿ 2000ದಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ಸಿಕ್ಕಿತು. ಸರಕಾರದ ಸಂಬಳ ಪಡೆಯುವ ಮಹಿಳೆಯೊಬ್ಬರು ಸರಕಾರದ ನಿಗಮದ ವಿರುದ್ಧ ಊರಿನ ಸಣ್ಣ ನ್ಯಾಯಾಲಯದಲ್ಲಿ ಗೆದ್ದದ್ದು ಸಾಮಾನ್ಯ ಸಂಗತಿಯಲ್ಲ.

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಸತ್ತವರ ಕುಟುಂಬಕ್ಕೆ ಹಾಗೂ ಹಾಸಿಗೆ ಹಿಡಿದವರಿಗೆ ತಲಾ 5 ಲಕ್ಷ ರೂ., ಇತರ ವಿಕಲತೆಯಿರುವವರಿಗೆ 3 ಲಕ್ಷ ರೂ. ಕೊಡಲು ಶಿಫಾರಸು ಮಾಡಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡಲು ತೀರ್ಮಾನಿಸಿದವು. 2011ರ ಮೇ 13ರಂದು ಡಿ.ವೈ.ಎಫ್.ಐ. ಸಲ್ಲಿಸಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ಮಧ್ಯಂತರ ಆದೇಶದಿಂದ ನಿಲ್ಲಿಸಿತು.

2017ರ ಜನವರಿ 10ರಂದು ಅದೇ ಅರ್ಜಿಯಲ್ಲಿ ಅಂತಿಮ ಆದೇಶ ಬಂತು. ಎಲ್ಲ ಸಂತ್ರಸ್ತರಿಗೆ ತಲಾ 5 ಲಕ್ಷ ರೂ.ಗಳನ್ನು ಮೂರು ತಿಂಗಳೊಳಗೆ ಕೇರಳ ಸರಕಾರ ಕೊಡಬೇಕು, ಬೇಕಾದರೆ ಆ ಹಣವನ್ನು ಕೇಂದ್ರದಿಂದಲೋ ತಯಾರಕರಿಂದಲೋ ವಸೂಲು ಮಾಡಿಕೊಳ್ಳಬಹುದು, ಜೀವನಪರ್ಯಂತ ಚಿಕಿತ್ಸೆಯ ವ್ಯವಸ್ಥೆಯನ್ನೂ ಯೋಚಿಸಬೇಕು ಎಂಬುದು ಅದರ ಸಾರ.

ಮೂರು ತಿಂಗಳು ಕಳೆಯಿತು, ಐದು ವರ್ಷವೂ ಕಳೆಯಿತು. 2019ರಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕುಳಿತರು. ಕೊನೆಗೆ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದರು. 2022ರ ಮೇ 13ರಂದು ಡಿ.ವೈ. ಚಂದ್ರಚೂಡ್ ಮತ್ತು ಸೂರ್ಯಕಾಂತ್ ಅವರ ಪೀಠದ ಮುಂದೆ ಬೆಳಕಿಗೆ ಬಂದ ಸಂಗತಿ ಬೆಚ್ಚಿಬೀಳಿಸುವಂಥದ್ದು. 3,700ಕ್ಕೂ ಹೆಚ್ಚು ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ನ್ಯಾಯಾಲಯಕ್ಕೆ ಬಂದ ಆ ಎಂಟು ಮಂದಿಗೆ ಮಾತ್ರ. ಕೋರ್ಟಿಗೆ ಬರಲಾಗದವರು ಹಾಸಿಗೆಯಲ್ಲೇ ಇದ್ದರು. ನ್ಯಾಯಾಲಯ ಸರಕಾರದ ವಿಳಂಬವನ್ನು ಕಟುವಾಗಿ ಟೀಕಿಸಿ, ಎಂಟು ಮಂದಿಗೂ ತಲಾ 50,000 ರೂ. ವೆಚ್ಚ ಕೊಡಲು ಹೇಳಿತು. ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳು ಸಭೆ ನಡೆಸಿ ಉಳಿದವರಿಗೆ ಪರಿಹಾರ ಮುಟ್ಟಿಸಬೇಕೆಂದೂ ಆದೇಶಿಸಿತು. ಅದರ ಬಳಿಕವೇ ಬಹುಪಾಲು ಜನರ ಕೈಗೆ ಹಣ ಬಂತು. ಚಿಕಿತ್ಸಾ ಸೌಲಭ್ಯದ ಮೇಲ್ವಿಚಾರಣೆಯ ವಿಷಯ ಮುಂದೆ ಕೇರಳ ಹೈಕೋರ್ಟಿಗೆ ಹೋಯಿತು.

ತಲಪಾಡಿಯಲ್ಲಿ ಮುಚ್ಚಿದ ದಾರಿ

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಹರಡದಂತೆ ಎಂದು ಕರ್ನಾಟಕ ಸರಕಾರ ತಲಪಾಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರಿನ ಆಸ್ಪತ್ರೆಗಳು ಎಷ್ಟು ಹತ್ತಿರ, ಕಣ್ಣೂರು ಎಷ್ಟು ದೂರ ಎಂಬುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಗಡಿ ದಾಟಲಾಗದೆ ರೋಗಿಗಳು ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರಾಷ್ಟ್ರೀಯ ಹೆದ್ದಾರಿಯ ತಡೆಯನ್ನು ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ಬದುಕುವ ಹಕ್ಕು ಮತ್ತು ಸಂಚಾರದ ಹಕ್ಕು ಅದರ ಆಧಾರ. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ತಲಪಾಡಿಯ ಮೂಲಕ ಬಿಡುವ ನಿಯಮಾವಳಿಗೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಏಪ್ರಿಲ್ 7ರಂದು ಪ್ರಕರಣ ಮುಗಿಯಿತು. ರೋಗ ತಡೆಯುವ ಅಧಿಕಾರ ಸರಕಾರಕ್ಕಿದೆ. ಆದರೆ ಆ ಅಧಿಕಾರದಿಂದ ಒಂದು ಜಿಲ್ಲೆಯ ಆಸ್ಪತ್ರೆಯ ದಾರಿಯನ್ನೇ ಮುಚ್ಚಬಹುದೇ ಎಂಬ ಪ್ರಶ್ನೆಗೆ ತೀರ್ಪಿನ ಬದಲು ರಾಜಿ ಉತ್ತರವಾಯಿತು.

ಈ ಮೊಕದ್ದಮೆಗಳು ಹೇಳುವುದೇನು

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸರಕಾರ ಏನು ಮಾಡಬಾರದು ಎಂದು ಹೇಳುವುದು ನ್ಯಾಯಾಲಯಕ್ಕೆ ಸುಲಭ. ಮಾಡಬೇಕಾದದ್ದನ್ನು ಮಾಡಿಸುವುದು ಕಷ್ಟ. 1973ರಲ್ಲಿ ತೀರ್ಪು ಓದಿದ ದಿನವೇ ತತ್ತ್ವ ಜಾರಿಗೆ ಬಂತು, ಏಕೆಂದರೆ ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. 2017ರ ಆದೇಶಕ್ಕೆ ಕಡತ ಚಲಿಸಬೇಕಿತ್ತು, ಪಟ್ಟಿ ತಯಾರಾಗಬೇಕಿತ್ತು, ಖಜಾನೆಯಿಂದ ಹಣ ಬಿಡುಗಡೆಯಾಗಬೇಕಿತ್ತು. ಅಲ್ಲಿ ಐದು ವರ್ಷ ಹೋಯಿತು. ಆ ಐದು ವರ್ಷಗಳಲ್ಲಿ ಯಾವ ಮೇಜಿನ ಮೇಲೆ ಕಡತ ಎಷ್ಟು ದಿನ ಕುಳಿತಿತ್ತು ಎಂಬುದಕ್ಕೆ ಯಾವ ಅಧಿಕಾರಿಯೂ ಹೆಸರು ಹಿಡಿದು ಉತ್ತರ ಕೊಟ್ಟದ್ದಿಲ್ಲ.

ಎಡನೀರಿನ ಸ್ವಾಮೀಜಿ ಕೇಳಿದ್ದು ಸಿಗಲಿಲ್ಲ, ಕೇಳದೇ ಇದ್ದದ್ದು ದೇಶಕ್ಕೆ ಸಿಕ್ಕಿತು. ಎಣ್ಮಕಜೆಯ ತಾಯಂದಿರಿಗೆ ಕೇಳಿದ್ದು ಸಿಕ್ಕಿತು, ಆದರೆ ಸಿಗುವಷ್ಟರಲ್ಲಿ ಕೆಲವು ಮನೆಗಳಲ್ಲಿ ಹಾಸಿಗೆ ಖಾಲಿಯಾಗಿತ್ತು. ಅಧಿಕಾರದ ಎಲ್ಲೆಯನ್ನು ತೋರಿಸಿಕೊಟ್ಟ ಜಿಲ್ಲೆಗೆ ಅಧಿಕಾರದ ಉತ್ತರದಾಯಿತ್ವ ಇನ್ನೂ ಬಾಕಿಯಿದೆ. ಮೂಲ ಸಂರಚನೆಯ ತೀರ್ಪನ್ನು ಹೆಮ್ಮೆಯಿಂದ ನೆನೆಯುವ ನಾವು, ಮುಂದಿನ ಬಾರಿ ಯಾವುದೇ ಆದೇಶ ಬಂದಾಗ ಅದರ ಗಡುವಿನ ದಿನಾಂಕವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.